ಕ್ಲಚ್ಚಿಲ್ಲದ ಟ್ರ್ಯಾಕ್ಟರ್ ಮತ್ತು ಅಕ್ಕ

ಬ್ರೇಕ್ ಅಂದುಕೊಂಡು ಹಿಮ್ಮಡಿ ಊರಿದೆ. ಟ್ರ್ಯಾಕ್ಟರ್ ಹಿಂದಕ್ಕೆ ನುಗ್ಗಿ, ಬದು ಹತ್ತಿ, ಪಕ್ಕದ ರಾಗಿ ಹೊಲಕ್ಕಿಳಿಯಿತು. ಗಾಬರಿಯಲ್ಲಿ ಕಾಲು ಎತ್ತಿದೆ. ಹುಲ್ಲಿನ ಹೊರೆ ಹೊತ್ತು ನಿಂತಿದ್ದ ಅಕ್ಕನಿಂದ ಎರಡು ಮಾರು ದೂರದಲ್ಲಿ ನಿಂತಿತು. ಒಡಹುಟ್ಟಿದ ಅಕ್ಕ. ಅವಳು ಜಮೀನಿನಲ್ಲಿ ಈ ಹೊಲವನ್ನು ಪಾಲು ತೆಗೆದುಕೊಂಡ ಮೇಲೆ ನಾಲ್ಕು ವರ್ಷ ನಮ್ಮಿಬ್ಬರ ನಡುವೆ ಮಾತಿರಲಿಲ್ಲ.

ಗುಬ್ಬಿಯಿಂದ ತಂದ ಈ ಮಿನಿ ಟ್ರ್ಯಾಕ್ಟರ್‌ಗೆ ಕ್ಲಚ್ಚೇ ಇಲ್ಲ. ಓಡಿಸುವುದಕ್ಕೆ ಒಂದೇ ಪೆಡಲ್: ಮುಂಗಾಲಲ್ಲಿ ಒತ್ತಿದರೆ ಮುಂದೆ, ಹಿಮ್ಮಡಿಯಲ್ಲಿ ಒತ್ತಿದರೆ ಹಿಂದೆ, ಕಾಲು ತೆಗೆದರೆ ನಿಲ್ಲುತ್ತದೆ. ಹಳೇ ಗಾಡಿಗೆ ಒಗ್ಗಿದ ಕಾಲು ಇದನ್ನು ಒಪ್ಪುತ್ತಿರಲಿಲ್ಲ.

“ಏನ್ಲಾ, ಮಾತಾಡ್ಸಕ್ಕೆ ಬಂದ್ಯಾ, ಗುದ್ದಕ್ಕೆ ಬಂದ್ಯಾ?” ಅಂದಳು ಅಕ್ಕ.

ಒಬ್ಬನೇ ಉಳುವಾಗ ಅವಳಿಗೆ ಹೇಳಬೇಕಾದ್ದನ್ನೆಲ್ಲ ಎಷ್ಟೋ ಸಲ ಬಾಯಿಪಾಠ ಮಾಡಿಕೊಂಡಿದ್ದೆ. ಬಾಯಿಗೆ ಬಂದದ್ದು ಇಷ್ಟೇ: “ಪೆಡಲ್ ಬೇರೆ ಥರ ಐತೆ ಕಣಕ್ಕಾ.”

ಅವಳು ನಕ್ಕಳು ಅಂತ ಬರೆದುಬಿಡಬಹುದು. ಆದರೆ ಹೊರೆಯ ಹುಲ್ಲು ಮುಖದ ಮೇಲೆ ಇಳಿಬಿದ್ದಿತ್ತು, ನನಗೆ ಕಾಣಲಿಲ್ಲ. ಬಾಗಿದ್ದ ನಾಲ್ಕು ರಾಗಿ ಪೈರನ್ನು ಕಾಲಲ್ಲೇ ಎತ್ತಿ ನಿಲ್ಲಿಸಿ ಹೊರಟುಹೋದಳು.

ಈಗ ಪೆಡಲ್ ಕಾಲಿಗೆ ಒಗ್ಗಿದೆ. ಬದುವಿನ ಹತ್ತಿರ ತಿರುಗಿಸುವಾಗಲೂ ತಪ್ಪುವುದಿಲ್ಲ. ಅಕ್ಕ ಆಚೆ ಕಳೆ ಕೀಳುತ್ತಿರುತ್ತಾಳೆ. ಮಾತಾಡಿಸಲು ನನಗೆ ನೆಪವಿಲ್ಲ.