ಒಂಬತ್ತನೆಯವನ ಮೇಲೊಂದು ಅರ್ಜಿ

ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಫಲಿತಾಂಶ ಬಂದ ವಾರದಿಂದಲೇ ಓಣಿಯವರೆಲ್ಲರ ಅರ್ಜಿಗಳನ್ನು ಬರೆಯುವ ಹೊಣೆ ನನ್ನ ಪಾಲಿಗೆ ಬಂತು. ವಿಜಯಪುರದ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ ಅಪ್ಪ ಸಂಜೆ ಮನೆಗೆ ಬರುವಾಗ ಯಾರನ್ನಾದರೂ ಜೊತೆಗೆ ಕರೆತರುತ್ತಿದ್ದರು. ನಳದಲ್ಲಿ ನೀರು ಬಾರದವರು, ಬೀದಿಕಂಬದಲ್ಲಿ ದೀಪ ಹತ್ತದವರು, ರೇಷನ್ ಕಾರ್ಡಿನಲ್ಲಿ ಹೆಸರು ಬಿಟ್ಟುಹೋದವರು. ನಾನು ಬರೆಯುವಷ್ಟು ಹೊತ್ತು ಅಪ್ಪ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿರುತ್ತಿದ್ದರು. ಅವರಿಗೆ ಓದಲು ಬರುತ್ತಿರಲಿಲ್ಲ. ಆದರೆ ಸಾಲು ಸೊಟ್ಟಗಾದರೆ ತಕ್ಷಣ ತಿಳಿಯುತ್ತಿತ್ತು.

ಅರ್ಜಿಗೊಂದು ಕ್ರಮವಿತ್ತು. ಅದನ್ನು ಕಲಿಸಿದವರು ಹೈಸ್ಕೂಲಿನ ಮುಖ್ಯೋಪಾಧ್ಯಾಯರು. ಇವರಿಂದ, ಇವರಿಗೆ, ವಿಷಯ, ಆದ ಹಾನಿ ಏನು, ಯಾರಿಂದ, ಎಂದಿನಿಂದ, ಆಮೇಲೆ ಪುರಾವೆಯ ಲಗತ್ತು, ಕಡೆಯಲ್ಲಿ ಪ್ರತಿಗಳು. ಪ್ರತಿಗಳ ಪಟ್ಟಿಯೇ ಅರ್ಜಿಯ ಜೀವ ಎಂದು ಅವರು ಹೇಳುತ್ತಿದ್ದರು. ನಗರಪಾಲಿಕೆಗೆ ಬರೆದದ್ದರ ಪ್ರತಿ ತಹಶೀಲ್ದಾರರಿಗೆ, ಜಿಲ್ಲಾಧಿಕಾರಿಗಳಿಗೆ, ಶಾಸಕರಿಗೆ ಹೋಗಬೇಕು. ಒಬ್ಬರಿಗಷ್ಟೇ ಕೊಟ್ಟ ಕಾಗದ ಅವರ ಮೇಜಿನ ಖಾನೆಯಲ್ಲೇ ಉಳಿಯುತ್ತದೆ. ನಾಲ್ವರಿಗೆ ಹೋದ ಕಾಗದವನ್ನು ಒಬ್ಬರ ಅಂಜಿಕೆಗೆ ಇನ್ನೊಬ್ಬರು ಓದುತ್ತಾರೆ. ನಮ್ಮ ಓಣಿಯ ದೀಪ ಹತ್ತಿದ್ದು ಹಾಗೆಯೇ.

ಲಂಡನ್ನಿಗೆ ಬಂದ ಮೇಲೆ ನಾನು ಬರೆದ ಅರ್ಜಿ ಒಂದೇ ಒಂದು. ಅದು ಬೇಸ್‌ಬಾಲ್ ತಂಡವೊಂದರ ಆಡಳಿತದ ವಿರುದ್ಧ.

ಬೇಸ್‌ಬಾಲ್ ನನಗೆ ಗೊತ್ತಿದ್ದ ಆಟವಲ್ಲ. ಕನ್ನಡದವರ ಒಂದು ಯುಗಾದಿ ಊಟದಲ್ಲಿ ಪರಿಚಯವಾದ ಮಾಸ್ತರರಿಂದ ಅದು ನನಗೆ ಹತ್ತಿತು. ಅವರು ಬೆಳಗಾವಿಯ ಶಾಲೆಯಲ್ಲಿ ದೈಹಿಕ ಶಿಕ್ಷಣದ ಶಿಕ್ಷಕರಾಗಿದ್ದವರು; ಹುಡುಗಿಯರ ಸಾಫ್ಟ್‌ಬಾಲ್ ತಂಡಗಳನ್ನು ವರ್ಷಗಟ್ಟಲೆ ತಯಾರು ಮಾಡಿದವರು. ನಿವೃತ್ತರಾದ ಮೇಲೆ ಕಿಂಗ್ಸ್‌ಬರಿಯಲ್ಲಿ ಮಗಳು ಅಳಿಯನ ಜೊತೆಗಿದ್ದರು. ಅಳಿಯ ಬೆಂಗಳೂರಿನವರು, ಐಟಿ ಕೆಲಸದವರು, ಕ್ರಿಕೆಟ್ ಬಿಟ್ಟರೆ ಬೇರೆ ಗೊತ್ತಿಲ್ಲದವರು. ಮಾವ ಬೆನ್ನು ಬಿಡದೆ ಅವರನ್ನು ಹತ್ತಿರದ ಪಾರ್ಕಿನಲ್ಲಿ ಆಡುವ ಬೇಸ್‌ಬಾಲ್ ತಂಡಕ್ಕೆ ಸೇರಿಸಿದ್ದರು. ಹೀಗಾಗಿ ಏಪ್ರಿಲಿನಿಂದ ಸೆಪ್ಟೆಂಬರ್‌ವರೆಗೆ ಭಾನುವಾರಗಳಂದು ಆ ಮೈದಾನದ ಅಂಚಿನ ಬೆಂಚು ನಮ್ಮದಾಯಿತು. ನಾನು ಎಜ್‌ವೇರ್‌ನಿಂದ ಬಸ್ಸು ಹಿಡಿದು ಹೋಗುತ್ತಿದ್ದೆ. ಮಾಸ್ತರರ ಮಗಳು ಡಬ್ಬಿಯ ತುಂಬ ಚುರಮರಿ ಸೂಸಲಾ, ಅಂದರೆ ಒಗ್ಗರಣೆ ಹಾಕಿದ ಖಾರದ ಮಂಡಕ್ಕಿ, ಫ್ಲಾಸ್ಕಿನಲ್ಲಿ ಚಹಾ ತರುತ್ತಿದ್ದಳು. ಇನ್ನೆರಡು ಕುಟುಂಬಗಳು ಬಂದು ಸೇರುತ್ತಿದ್ದವು.

ಆಟದ ಬಗ್ಗೆ ಓದುಗರಿಗೆ ಇಷ್ಟು ತಿಳಿದರೆ ಸಾಕು: ಕಣದಲ್ಲಿ ಒಂಬತ್ತು ಜನ ಬೇಕು, ಎಂಟೇ ಜನರಿದ್ದರೆ ಪಂದ್ಯ ಎದುರಾಳಿಗೆ ಹೋಗುತ್ತದೆ, ಮತ್ತು ಚೆಂಡು ಎಸೆಯುವವನ, ಅಂದರೆ ಪಿಚರ್‌ನ ಭುಜದ ಮೇಲೆ ಅರ್ಧ ಆಟ ನಿಂತಿರುತ್ತದೆ.

ನಮ್ಮ ತಂಡದ ಪಿಚರ್‌ನ ಭುಜ ಸರಿಯಿರಲಿಲ್ಲ. ಆತ ಇಲ್ಫರ್ಡ್‌ನವನು, ಶಾಲೆಯೊಂದರ ಕೇರ್‌ಟೇಕರ್, ವಯಸ್ಸು ನಲವತ್ತರ ಆಸುಪಾಸು. ಮೊದಲ ವರ್ಷ ಅವನು ಎಸೆದ ಮೊದಲ ಕೆಲವು ಚೆಂಡುಗಳನ್ನು ನೋಡಿ ಮಾಸ್ತರರು ಎದ್ದು ನಿಂತಿದ್ದರು. ನಾಲ್ಕನೆಯ ಸರದಿಯಲ್ಲಿ ಅವನು ಭುಜ ಹಿಡಿದುಕೊಂಡ. ಮೂರು ವಾರ ಬರಲಿಲ್ಲ. ಬಂದ, ಎಸೆದ, ಮತ್ತೆ ಹಿಡಿದುಕೊಂಡ. ಹಿಂದಿನ ಎರಡು ತಂಡಗಳಲ್ಲೂ ಅವನ ಚರಿತ್ರೆ ಇದೇ ಎಂದು ಆಮೇಲೆ ತಿಳಿಯಿತು. ಮೊದಲ ಬೇಸ್ ಕಾಯುವವನಿಗೆ ಮೊಣಕಾಲು ನೋವು. ಹೊಸದಾಗಿ ಸೇರಿಸಿಕೊಂಡ ಇನ್ನೊಬ್ಬನಿಗೆ ಬೆನ್ನು. ಎರಡನೆಯ ವರ್ಷವೂ ಆಡಳಿತದವರು ಅದೇ ಪಿಚರ್‌ನನ್ನು ನೋಂದಾಯಿಸಿದಾಗ ನಮ್ಮ ಬೆಂಚಿನ ತಾಳ್ಮೆ ಮುಗಿಯಿತು.

"ಸಂತ್ಯಾಗ ಹಲ್ಲ ನೋಡ್ಲಾರ್ದ ಎತ್ತ ತಂದ್ರ ಅದು ತಿಳೀಗೇಡಿತನ," ಎಂದರು ಮಾಸ್ತರರು. "ಇವ್ರು ಹಲ್ಲ ನೋಡಿ, ಇದು ಮುದಿ ಎತ್ತು ಅಂತ ತಿಳದು, ಮತ್ತ ಅದನ್ನ ಹೊಡ್ಕೊಂಡ ಬಂದಾರ. ಇವ್ರ ಆಟಗಾರರನ್ನ ಆರಿಸ್ತಾರೋ, ದವಾಖಾನಿಗೆ ಭರ್ತಿ ಮಾಡ್ಕೋತಾರೋ?"

ಆಡಳಿತವೆಂದರೆ ಮೂವರು. ಮುಖ್ಯಸ್ಥ ಮ್ಯಾನೇಜರ್, ವೃತ್ತಿಯಲ್ಲಿ ಬಸ್ ಚಾಲಕ, ಮಾತು ಕಡಿಮೆ. ಅಳಿಯ ತಾವೇ ಅವರ ಹತ್ತಿರ ಮಾತಾಡುವುದಾಗಿ ಹೇಳಿದರು. ನೀವು ಮಾತಾಡಲು ಹತ್ತಿ ಒಂದು ವರ್ಷವಾಯಿತು ಎಂದು ಮಾಸ್ತರರು ಅವರನ್ನು ಕೂರಿಸಿ, ನನ್ನ ಕಡೆಗೆ ತಿರುಗಿದರು.

"ನೀ ಬರಿ, ತಂಗೀ. ನಮ್ಮ ಇಂಗ್ಲಿಷ್ ಟ್ರಂಕಿನ್ಯಾಗ ಮಡಚಿಟ್ಟ ಧೋತರ ಇದ್ದಂಗ. ನಿಂದು ಇಸ್ತ್ರಿ ಮಾಡಿದ್ದು."

ನನ್ನ ಇಂಗ್ಲಿಷಿನ ಇಸ್ತ್ರಿಯ ಹಿಂದೆ ಎಷ್ಟು ಭಯವಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಕಚೇರಿಯಲ್ಲಿ ಎರಡು ಸಾಲಿನ ಇ-ಮೇಲನ್ನೂ ನಾನು ಮೂರು ಸಲ ಓದದೆ ಕಳಿಸುವವಳಲ್ಲ. ಸಭೆಯಲ್ಲಿ ಮಾತಾಡುವ ಮೊದಲು ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟುತ್ತೇನೆ. ಕಟ್ಟಿ ಮುಗಿಯುವಷ್ಟರಲ್ಲಿ ವಿಷಯ ಬದಲಾಗಿರುತ್ತದೆ. ಆದರೆ ಈ ಅರ್ಜಿ ಹಾಗಾಗಲಿಲ್ಲ. ಮೂರು ಸಂಜೆ ಕೂತು ಬರೆದೆ. ಬರೆಯುತ್ತಿದ್ದಂತೆ ಅಪ್ಪ ಬಾಗಿಲಲ್ಲಿ ನಿಂತಿದ್ದಾರೆ ಎನ್ನಿಸಿತು. ಈ ಊರಿಗೆ ಬಂದ ಮೇಲೆ ಮೊದಲ ಬಾರಿಗೆ, ನನಗೆ ಚೆನ್ನಾಗಿ ಬರುವ ಕೆಲಸವೊಂದನ್ನು ಮಾಡುತ್ತಿದ್ದೆ.

ಕ್ರಮ ಹಳೆಯದೇ. ಹಾನಿ: ಕಳೆದ ವರ್ಷವಿಡೀ ಸೋಲು, ಈ ವರ್ಷವೂ ಅದೇ ದಾರಿ. ಕಾರಣ: ಗಾಯಾಳು ಎಂದು ತಿಳಿದೂ ಆಟಗಾರನನ್ನು ಸೇರಿಸಿಕೊಂಡದ್ದು. ಲಗತ್ತು: ಕ್ಲಬ್ಬಿನವರು ಅಂತರ್ಜಾಲದಲ್ಲಿ ಹಾಕುತ್ತಿದ್ದ ಸ್ಕೋರ್ ಹಾಳೆಗಳಿಂದ ತೆಗೆದ ಪಟ್ಟಿ, ಪಿಚರ್ ಕಳೆದ ವರ್ಷ ಗೈರಾಗಿದ್ದ ಆರು ಪಂದ್ಯಗಳು. ಅದರ ಕೆಳಗೆ ಪುರಾವೆ ಗಟ್ಟಿಯಾಗಲೆಂದು ಇನ್ನೊಂದು ಸಂಗತಿ ಸೇರಿಸಿದೆ. ಒಮ್ಮೆ ಚಹಾ ಕುಡಿಯುತ್ತ ಅಳಿಯ ಹೇಳಿದ್ದರು: ಅವನ ಭುಜಕ್ಕೆ ಹಿಂದೆ ಶಸ್ತ್ರಚಿಕಿತ್ಸೆಯಾಗಿದೆ, ಇನ್ನು ಎಸೆಯದಿರುವುದು ಒಳ್ಳೆಯದೆಂದು ವೈದ್ಯರು ಹೇಳಿದ್ದಾರೆ. ಕಡೆಯಲ್ಲಿ ಪ್ರತಿಗಳು: ಆಡಳಿತದ ಮೂವರಿಗೆ, ಲೀಗಿನ ಕಾರ್ಯದರ್ಶಿಗೆ, ಕೌನ್ಸಿಲ್‌ನ ಪಾರ್ಕುಗಳ ವಿಭಾಗಕ್ಕೆ, ಮತ್ತು ತಂಡದ ಎಲ್ಲ ಆಟಗಾರರಿಗೆ.

ಆಟಗಾರರ ಪಟ್ಟಿಯಲ್ಲಿ ಅವನೂ ಇರುತ್ತಾನೆಂಬುದು ನನಗೆ ತಿಳಿಯದ ವಿಷಯವಲ್ಲ. ಆದರೆ ನಮ್ಮ ಕಡೆ ಅರ್ಜಿಯಲ್ಲಿ ಬರುವ ಮನುಷ್ಯ ಅರ್ಜಿಯನ್ನು ಓದುವುದಿಲ್ಲ. ಅದು ಮೇಲಿನವರಿಗೆ ಹೋಗುವ ಕಾಗದ. ಹಾಗೆಂದು ನಾನು ಆಗ ಯೋಚಿಸಿದೆನೆಂದೂ ಅಲ್ಲ, ಯೋಚಿಸಬೇಕೆಂದೇ ಹೊಳೆಯಲಿಲ್ಲ. ಬೆಂಚಿನ ಹಿರಿಯರೆಲ್ಲ ಸಹಿ ಹಾಕಿದರು, ಮೊದಲ ಸಹಿ ಮಾಸ್ತರರದು. ಅಳಿಯ ಆ ವಾರ ಕೆಲಸದ ಮೇಲೆ ಪರವೂರಿಗೆ ಹೋಗಿದ್ದರು. ಅರ್ಜಿಯನ್ನು ಇ-ಮೇಲಿಗೆ ಲಗತ್ತಿಸಿ ನಾನು ಗುಂಡಿ ಒತ್ತಿದೆ.

ಮ್ಯಾನೇಜರರ ಉತ್ತರ ಮರುದಿನವೇ ಬಂತು, ನನಗೊಬ್ಬಳಿಗೇ. ಪತ್ರ ಬಹಳ ಚೆನ್ನಾಗಿದೆ ಎಂದು ಬರೆದಿದ್ದರು. ಒಬ್ಬ ಮನುಷ್ಯನ ದೇಹದ ವಿಚಾರ ಪಾರ್ಕುಗಳ ವಿಭಾಗದವರೆಗೂ ಹೋದದ್ದಕ್ಕೆ ಬೇಸರವಾಗಿದೆ ಎಂದೂ ಬರೆದಿದ್ದರು. ಮೊದಲ ವಾಕ್ಯವನ್ನು ಓದಿ ಸಂತೋಷಪಟ್ಟ ಆ ಎರಡು ಕ್ಷಣಗಳು ನನಗಿನ್ನೂ ನೆನಪಿವೆ; ನೆನೆದಾಗ ಮುಖ ಬಿಸಿಯಾಗುತ್ತದೆ.

ಲೀಗಿನ ಕಾರ್ಯದರ್ಶಿ ನಿಯಮದ ಮನುಷ್ಯ. ಲಿಖಿತವಾಗಿ ತಿಳಿದ ಮೇಲೆ ಸುಮ್ಮನಿರಲು ತಮಗೆ ಸಾಧ್ಯವಿಲ್ಲ, ವೈದ್ಯರ ಪತ್ರ ತರುವವರೆಗೆ ಆತ ಆಡುವಂತಿಲ್ಲ ಎಂದು ತಿಳಿಸಿದರು. ಅದೇ ಸಂಜೆ ಪಿಚರ್, ತಂಡದ ವಾಟ್ಸಾಪ್ ಗುಂಪಿಗೆ ಎರಡು ಸಾಲು ಬರೆದ: ತನ್ನಿಂದ ಯಾರಿಗೂ ತೊಂದರೆ ಬೇಡ, ತಾನು ದೂರ ಇರುತ್ತೇನೆ. ಪರವೂರಿಂದ ಮರಳಿದ ಅಳಿಯ ನನಗೆ ಫೋನ್ ಮಾಡಿದರು. ಸಿಟ್ಟಾಗಿದ್ದರೆ ಸಮಾಧಾನವಾಗುತ್ತಿತ್ತೇನೋ.

"ಅಕ್ಕಾ, ನಾನು ಅದನ್ನ ಹೇಳಿದ್ದು ಬೆಂಚಲ್ಲಿ ಕೂತ್ಕೊಂಡು ಚಹಾ ಕುಡಿಯೋವಾಗ," ಎಂದರು. "ಅವನು ನನ್ ಹತ್ರ ಹೇಳಿದ್ದು ಕಾರಲ್ಲಿ, ನಾವಿಬ್ರೇ ಇದ್ದಾಗ. ಈಗ ನಾನು ಅವನ ಮುಖ ಹೇಗ್ ನೋಡ್ಲಿ, ಹೇಳಿ."

ಫೋನಿಟ್ಟ ಮೇಲೆ ಕಳಿಸಿದ ಅರ್ಜಿಯನ್ನು ಮತ್ತೆ ತೆರೆದು, ಪ್ರತಿಗಳ ಪಟ್ಟಿಯನ್ನು ಓದಿದೆ.

ಮುಂದಿನ ಭಾನುವಾರ ಒಳ್ಳೆಯ ಬಿಸಿಲಿತ್ತು. ನಮ್ಮ ತಂಡ ಗೆರೆಯ ಬಳಿ ನಿಂತಾಗ ನಾನು ಎಣಿಸಿದೆ, ಎಂಟು ಜನ. ಮತ್ತೆ ಎಣಿಸಿದೆ. ಎದುರಾಳಿಗಳು ಹದಿನೈದು ನಿಮಿಷ ಸೌಜನ್ಯದಿಂದ ಕಾದರು. ಆಮೇಲೆ ಅಂಪೈರ್ ಗಡಿಯಾರ ನೋಡಿ ಪಂದ್ಯವನ್ನು ಅವರಿಗೆ ಬರೆದುಕೊಟ್ಟರು. ಒಂದು ಚೆಂಡೂ ಎಸೆಯದೆ ಸೋತೆವು.

ಮ್ಯಾನೇಜರರು ಬ್ಯಾಟುಗಳನ್ನು ಚೀಲಕ್ಕೆ ತುಂಬಿ ನಮ್ಮ ಬೆಂಚಿನ ಬಳಿ ಬಂದರು. ಗಟ್ಟಿ ಭುಜದವರನ್ನು ಪ್ರತಿ ವರ್ಷವೂ ಕೇಳುತ್ತೇವೆ, ಎಂದರು. ಅವರು ದೊಡ್ಡ ತಂಡಗಳಿಗೆ ಹೋಗುತ್ತಾರೆ, ಇಲ್ಲವೇ ಮಳೆ ಬಂದರೆ ಮನೆಯಲ್ಲಿರುತ್ತಾರೆ. ಈತ ಇಲ್ಫರ್ಡ್‌ನಿಂದ ರೈಲು ಬದಲಿಸಿ, ನಗರವನ್ನು ಅಡ್ಡಕ್ಕೆ ದಾಟಿ ಬರುತ್ತಾನೆ. ಎಸೆಯಲಾಗದಿದ್ದರೆ ಒಂಬತ್ತನೆಯವನಾಗಿ ದೂರದ ಅಂಚಿನಲ್ಲಿ ನಿಲ್ಲುತ್ತಾನೆ. ಇಷ್ಟು ಹೇಳಿ ಅವರು ಚೀಲ ಹೊತ್ತು ಹೊರಟರು. ಅದನ್ನು ಹೊರಲು ಅಂದು ಅವರಿಗೆ ಜೊತೆ ಇರಲಿಲ್ಲ.

ಸೂಸಲಾದ ಡಬ್ಬಿ ತೆರೆಯದೆ ಹಾಗೇ ಇತ್ತು. ನಾನು ಮಾಸ್ತರರಿಗೆ ಹೇಳಿದೆ: ಇಂದೇ ಕ್ಷಮಾಪಣೆ ಪತ್ರ ಬರೆಯುತ್ತೇನೆ, ಎಲ್ಲರಿಗೂ ಕಳಿಸುತ್ತೇನೆ. ಅವರು ಡಬ್ಬಿಯನ್ನು ಎತ್ತಿ ಮಗಳ ಚೀಲದಲ್ಲಿಟ್ಟರು.

"ಬರಿ ಅಂದಾಂವ ನಾನು. ಮೊದಲನೇ ಸಹಿನೂ ನಂದ ಐತಿ," ಎಂದರು. "ಆದ್ರ ಈಗ ಮತ್ತ ಕಾಗದ ಬ್ಯಾಡವಾ. ಹೋಗಿ ಮಾರಿ ತೋರ್ಸು. ಬೈದ್ರ ಬೈಸ್ಕೊಂಡ ಬಾ."

ಅಳಿಯನ ಮೂಲಕ ಪಿಚರ್‌ನನ್ನು ಕೇಳಿಸಿ, ಶನಿವಾರ ಮಧ್ಯಾಹ್ನ ಇಲ್ಫರ್ಡ್‌ಗೆ ಹೋದೆ. ರೈಲಿನಲ್ಲಿ ಇಂಗ್ಲಿಷಿನ ನಾಲ್ಕು ವಾಕ್ಯಗಳನ್ನು ಕಟ್ಟಿ, ತಿದ್ದಿ, ಬಾಯಿಪಾಠ ಮಾಡಿದೆ. ಅವನು ಶಾಲೆಯ ಗೇಟಿನ ಹೊರಗಿನ ಗೋಡೆಯ ಮೇಲೆ ಕೂತಿದ್ದ. ಎರಡನೆಯ ವಾಕ್ಯದಲ್ಲಿ ನಾನು ತಡವರಿಸಿದೆ. ಅವನು ಕೈ ಎತ್ತಿ ಸಾಕೆಂದು ಸೂಚಿಸಿ, ಫೋನಿನಲ್ಲಿ ನನ್ನ ಅರ್ಜಿಯನ್ನು ತೆರೆದ. ಇದರಲ್ಲಿ ಒಂದು ತಪ್ಪಿದೆ, ಎಂದ.

ಅಷ್ಟೆಲ್ಲ ಆದ ಮೇಲೂ, ತಪ್ಪೆಂಬ ಮಾತಿಗೇ ನಾನು ಹೆಚ್ಚು ಹೆದರಿದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಆರು ಪಂದ್ಯ ಎಂದು ಬರೆದಿದ್ದೀರಿ, ಐದೇ, ಎಂದ. ಜೂನ್ ತಿಂಗಳ ಆ ಮಳೆಯ ಭಾನುವಾರ ನಾನು ಬಂದಿದ್ದೆ. ಕೈ ಎತ್ತಲು ಆಗುತ್ತಿರಲಿಲ್ಲ. ಬ್ಯಾಟಿನ ಚೀಲ ಹೊತ್ತೆ, ಆಮೇಲೆ ಬೆಂಚಿನ ತುದಿಯಲ್ಲಿ ಕೂತೆ. ನೀವೇ ನನಗೆ ಕಾಗದದ ತಟ್ಟೆಯಲ್ಲಿ ಆ ಖಾರದ ಮಂಡಕ್ಕಿ ಕೊಟ್ಟಿರಿ.

ಬೂದು ರೇನ್‌ಕೋಟಿನ ಟೋಪಿಯನ್ನು ಹಣೆಯವರೆಗೆ ಎಳೆದುಕೊಂಡಿದ್ದ ಒಬ್ಬರು ನೆನಪಾದರು. ನಾಯಿ ತಿರುಗಾಡಿಸಲು ಬಂದ ಯಾರೋ ಎಂದುಕೊಂಡಿದ್ದೆ. ಚುರಮರಿ ಹಾಕಿಕೊಡುವಾಗ, ಪಿಚರ್ ಇವತ್ತೂ ನಾಪತ್ತೆ ಎಂದು ನಾವು ಆಡಳಿತವನ್ನು ಬೈಯುತ್ತಿದ್ದೆವು. ಕನ್ನಡದಲ್ಲಿ ಬೈಯುತ್ತಿದ್ದುದೊಂದೇ ಪುಣ್ಯ. ಸ್ಕೋರ್ ಹಾಳೆಯಲ್ಲಿ ಆಡಿದವರ ಹೆಸರಷ್ಟೇ ಇರುತ್ತದೆ. ನಾನು ಆ ಹಾಳೆಯಿಂದಲೇ ಎಣಿಸಿದ್ದೆ.

ಭುಜದ ವಿಷಯ ತೆಗೆದುಹಾಕುವುದಾಗಿ, ಆರನ್ನು ಐದು ಎಂದು ತಿದ್ದುವುದಾಗಿ ಹೇಳಿದೆ. ಪಾರ್ಕುಗಳ ವಿಭಾಗಕ್ಕೂ ತಿದ್ದುಪಡಿ ಹೋಗುತ್ತದೆಯೇ ಎಂದು ಕೇಳಿದ. ಎಲ್ಲರಿಗೂ ಹೋಗುತ್ತದೆ ಎಂದೆ. ಅವನು ಆಗ ಮೊದಲ ಸಲ ನಕ್ಕ. ಆದರೆ ಹೊರಡುವಾಗ ಇನ್ನೊಂದು ಮಾತು ಹೇಳಿದ, ಅದರಲ್ಲಿ ನಗುವಿರಲಿಲ್ಲ. ಶಸ್ತ್ರಚಿಕಿತ್ಸೆಯ ವಿಷಯ ಅವನ ತಾಯಿಗೆ ಗೊತ್ತಿರಲಿಲ್ಲವಂತೆ. ತಂಡದವರೊಬ್ಬರ ಮನೆಯಿಂದ ಈಗ ಗೊತ್ತಾಗಿದೆಯಂತೆ. ಅದಕ್ಕೆ ತಿದ್ದುಪಡಿ ಇರಲಿಲ್ಲ.

ಪತ್ರ ಕಳಿಸಿದೆ. ಅದಕ್ಕೆ ಯಾವ ನಮೂನೆಯೂ ನನಗೆ ಗೊತ್ತಿರಲಿಲ್ಲ. ಬೇಡುವುದನ್ನು ಕಲಿತಿದ್ದೆ, ಬರೆದದ್ದನ್ನು ಹಿಂದಕ್ಕೆ ಪಡೆಯುವುದನ್ನು ಕಲಿತಿರಲಿಲ್ಲ. ಒಟ್ಟು ಐದು ಸಾಲು. ಮೂರು ಸಲ ಓದಲಿಲ್ಲ, ಒಂದೇ ಸಲ.

ವೈದ್ಯರ ಪತ್ರವನ್ನು ಅವನು ತಾನೇ ತಂದ: ಒಂದು ದಿನಕ್ಕೆ ಇಷ್ಟೇ ಎಸೆತ ಎಂಬ ಮಿತಿಯೊಂದಿಗೆ. ಆಗಸ್ಟಿನ ಕಡೆಯ ಭಾನುವಾರಗಳಲ್ಲೊಂದರಂದು ಅವನು ಮೈದಾನಕ್ಕೆ ಬಂದಾಗ ಅಳಿಯ ಓಡಿಹೋಗಿ ಚೀಲ ಇಸಿದುಕೊಂಡರು. ಇಬ್ಬರ ನಡುವೆ ಏನು ಮಾತಾಯಿತೋ ನನಗೆ ಕೇಳಿಸಲಿಲ್ಲ. ಎರಡು ಸರದಿ ಅವನು ಸೊಗಸಾಗಿ ಎಸೆದ. ಮೂರನೆಯದರಲ್ಲಿ ಭುಜ ಹಿಡಿದುಕೊಂಡ.

"ಹೇಳಿದ್ನಿಲ್ಲ?" ಎಂದರು ಮಾಸ್ತರರು. "ಹಲ್ಲ ನೋಡೂದ ಬ್ಯಾಡ, ದನೀ ಕೇಳಿದ್ರ ತಿಳೀತೈತಿ, ಈ ಎತ್ತು ಏರಿ ಏರೂದಿಲ್ಲ ಅಂತ." ಆಮೇಲೆ ನನ್ನ ಕಡೆ ನೋಡಿ, ಇದನ್ನು ಬರೆಯಬೇಡ ಎಂಬಂತೆ ಬೆರಳು ಅಲ್ಲಾಡಿಸಿದರು.

ನಾನು ಬೇರೆಯದನ್ನು ಬರೆಯುತ್ತಿದ್ದೆ. ಇಷ್ಟು ಚೊಕ್ಕವಾಗಿ ಪಟ್ಟಿ ಮಾಡುವವರು ಬೆಂಚಿನಲ್ಲಿ ಸುಮ್ಮನೆ ಕೂರುವುದು ಸರಿಯಲ್ಲ ಎಂದು ಮ್ಯಾನೇಜರರು ಆ ತಿಂಗಳಿಂದ ಸ್ಕೋರ್ ಪುಸ್ತಕವನ್ನು ನನಗೆ ಒಪ್ಪಿಸಿದ್ದರು. ಅದು ದಂಡನೆಯೋ ಕ್ಷಮೆಯೋ, ನಾನು ಕೇಳಿಲ್ಲ. ಅದರಲ್ಲಿ ಆಡಿದವರ ಹೆಸರಿಗೆ ಚೌಕಗಳಿವೆ, ಬರಿದೇ ಬಂದವರ ಹೆಸರಿಗಿಲ್ಲ. ಆದ್ದರಿಂದ ಪ್ರತಿ ಹಾಳೆಯ ಬಲ ಅಂಚಿನಲ್ಲಿ ಸ್ಕೇಲ್ ಇಟ್ಟು ಒಂದು ಗೆರೆ ಎಳೆಯುತ್ತೇನೆ. ಅಂದು ಹತ್ತು ಜನ ಆಡಲು ಬಂದಿದ್ದರು; ಅವನು ಹತ್ತನೆಯವನಿಗೆ ಜಾಗ ಬಿಟ್ಟುಕೊಟ್ಟು ಬಂದು, ಭುಜಕ್ಕೆ ಐಸಿನ ಚೀಲ ಒತ್ತಿಕೊಂಡು ಬೆಂಚಿನ ತುದಿಯಲ್ಲಿ ಕೂತ. ಸೂಸಲಾದ ತಟ್ಟೆ ಕೊಟ್ಟೆ. ಬೆನ್ನು ನೋವಿನಿಂದ ಅಂದು ಆಡದೆ ನೋಡಲು ಬಂದಿದ್ದ ಮತ್ತೊಬ್ಬನ ಹೆಸರನ್ನು ಅಂಚಿನಲ್ಲಿ ಬರೆದೆ.

ಮಾಸ್ತರರು ಕನ್ನಡಕ ಏರಿಸಿ, ಬಗ್ಗಿ, ಆ ಗೆರೆಯನ್ನು ಪರೀಕ್ಷಿಸಿದರು.

"ಬಂದಾವ್ರ ಹೆಸರು ಅಂದ್ರ, ನನ್ನ ಹೆಸರೂ ಬರಿ, ತಂಗೀ," ಎಂದರು. "ಎರಡ ವರ್ಷ ಆತು, ಒಂದ ದಿನಾನೂ ತಪ್ಪಿಸಿಲ್ಲ."

ಬರೆದೆ. ಕಾಗುಣಿತ ಸರಿಯಿದೆಯೇ ಎಂದು ಅವರು ಎರಡು ಸಲ ನೋಡಿದರು.