ಅಕ್ಕನ ಬೀರುವಿನಲ್ಲಿದ್ದ ಸಿಗಾರ್

ನಮ್ಮಪ್ಪ ನಶ್ಯ ಹಾಕುತ್ತಿದ್ದರು. ಹೊಸಪೇಟೆಯ ನಮ್ಮ ಓಣಿಯಲ್ಲಿ ಮಡಿ, ಏಕಾದಶಿ ಎಲ್ಲ ಕಟ್ಟುನಿಟ್ಟಾಗಿ ನಡೆಯುತ್ತಿದ್ದ ಮನೆಗಳಲ್ಲೂ ಹಿರಿಯರ ಸೊಂಟದಲ್ಲಿ ನಶ್ಯದ ಡಬ್ಬಿ ಇದ್ದೇ ಇರುತ್ತಿತ್ತು. ಅದಕ್ಕೆ ಯಾರ ತಕರಾರೂ ಇರಲಿಲ್ಲ. ಆದರೆ ನಾನು ಬಿಎಸ್ಸಿ ಮುಗಿಸಿ ತಂಬಾಕಿನ ಕಂಪನಿಗೆ ಸೇರುತ್ತೇನೆ ಎಂದಾಗ ಅದೇ ಅಪ್ಪ ನನ್ನೊಡನೆ ಮಾತು ಬಿಟ್ಟರು. ನನ್ನ ಪರವಾಗಿ ನಿಂತವಳು ಅಕ್ಕ ಒಬ್ಬಳೇ. "ಕಳ್ಳತನಾ ಮಾಡ್ಲಿಕ್ಕೆ ಹೊಂಟಾನೇನು? ಹೋಗ್ಲಿ ಬಿಡ್ರಿ ಅವ" ಎಂದು ಅಪ್ಪನ ಎದುರಿಗೇ ಹೇಳಿ ನನ್ನ ಟ್ರಂಕು ಕಟ್ಟಿಕೊಟ್ಟಳು.

ಕೆಲಸ ಎಲೆ ಪರೀಕ್ಷಿಸುವುದು. ಮುಟ್ಟಿ, ಮೂಸಿ, ತುಣುಕು ಸುಟ್ಟು ನೋಡಿ ದರ್ಜೆ ಹೇಳಬೇಕು. ಮೊದಲು ಹುಣಸೂರಿನ ಹರಾಜು ಕಟ್ಟೆಗಳಲ್ಲಿ, ಆಮೇಲೆ ತಮಿಳುನಾಡಿನಲ್ಲಿ ಚುಟ್ಟಾ, ಸಿಗಾರ್‌ಗಳ ಎಲೆಯ ವಿಭಾಗದಲ್ಲಿ ಇದ್ದೆ. ನಾನು ಚಟಕ್ಕೆ ಬೀಡಿ ಸಿಗರೇಟು ಸೇದುವವನಲ್ಲ. ಸೇದಿದರೆ ನಾಲಿಗೆ ಕೆಡುತ್ತದೆ. ಆದರೆ ಒಂದು ಎಲೆ ಹದವಾಗಲು ಎಷ್ಟು ಕಾಲ ರಾಶಿಯಲ್ಲಿ ಕಾವಿಗೆ ಕೂತಿತ್ತು, ನೀರು ಹೆಚ್ಚಾಗಿತ್ತೋ ಕಡಿಮೆಯೋ ಎಂಬುದು ನನಗೆ ಮೂಗಿನಲ್ಲೇ ತಿಳಿಯುತ್ತಿತ್ತು. ಆ ವಿಭಾಗದಲ್ಲಿ ನನ್ನ ಮಾತೇ ಕಡೆಯ ಮಾತು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಬದುಕಿನಲ್ಲಿ ನನಗೆ ಗೊತ್ತಿದ್ದದ್ದು ಅದೊಂದೇ.

ನಿವೃತ್ತನಾಗಿ ಹೊಸಪೇಟೆಗೆ ಬಂದ ಮೇಲೆ ಆ ಗೊತ್ತಿದ್ದದ್ದನ್ನು ಕೇಳುವವರಿಲ್ಲದಂತಾಯಿತು. ಅಂಥ ಹೊತ್ತಿನಲ್ಲಿ ಒಂದು ದಿನ ಸಂಡೂರಿನಿಂದ ಭಾವನ ಫೋನು ಬಂತು. ಭಾವ ಎಂದರೆ ಅಕ್ಕನ ಗಂಡ. ಅದಿರು ಸಾಗಿಸುವ ಲಾರಿಗಳಿಂದ ಶುರುಮಾಡಿ ದೊಡ್ಡ ಮನೆ, ದೊಡ್ಡ ಸ್ನೇಹಗಳವರೆಗೆ ಬೆಳೆದವರು. ಅವರ ಸ್ನೇಹಿತರೊಬ್ಬರು ಬಳ್ಳಾರಿಯ ಹೋಟೆಲ್ ಮಾಲೀಕರು. ಹಂಪಿಗೆ ಬರುವ ವಿದೇಶಿಯರಿಗಾಗಿ ಹೊಸಪೇಟೆಯಲ್ಲಿ ಒಂದು ಹೋಟೆಲ್ ಕಟ್ಟಿಸುತ್ತಿದ್ದರು. ಅದರಲ್ಲಿ ಸಿಗಾರ್ ಸೇದಲಿಕ್ಕೇ ಬೇರೆ ಕೋಣೆ ಇಡುವ ಆಸೆ ಅವರದು.

"ಅದಕ್ಕೊಬ್ಬ ತಿಳುವಳಿಕಸ್ಥ ಬೇಕಂತ. ನಿನ್ನ ಹೆಸರು ಹೇಳೀನಿ," ಎಂದರು ಭಾವ. "ಹೋದ ವರ್ಷ ಅವ್ರು ಹೊರದೇಶದಿಂದ ಒಂದು ಪೆಟ್ಟಿಗಿ ತಂದುಕೊಟ್ಟಿದ್ರು. ಭಾಳ ಅಪರೂಪದ್ದು, ಕರ್ರಗ ಇರ್ತದ. ಅದನ್ನ ಹಂಗೇ ಇಟ್ಟೀನಿ. ರವಿವಾರ ಅವ್ರು ಬರ್ತಾರ. ಅವ್ರ ಮುಂದ ಸೇದಿ ಹೆಂಗದ ಅಂತ ನೀ ಹೇಳ್ಬೇಕು."

ಆ ಇಡೀ ವಾರ ನಾನು ಹುಡುಗನ ಹಾಗೆ ಇದ್ದೆ. ಶನಿವಾರದಿಂದಲೇ ಒಗ್ಗರಣೆಯ ಊಟ ಬಿಟ್ಟೆ, ಕಾಫಿ ಬಿಟ್ಟೆ. ಹೆಂಡತಿ, "ಇದೇನು ವ್ರತಾನೋ ಪರೀಕ್ಷೇನೋ?" ಎಂದು ನಕ್ಕಳು.

ರವಿವಾರ ಸಂಡೂರು ತಲುಪಿದಾಗ ಮಧ್ಯಾಹ್ನದ ಊಟದ ಸಮಯ. ಅತಿಥಿ ಆಗಲೇ ಬಂದಿದ್ದರು. ಸ್ಥೂಲಕಾಯದ, ನಗುಮೊಗದ ಮನುಷ್ಯ. ಊಟದಲ್ಲಿ ಸಾರಿಗೆ ಉಪ್ಪು ಒಂದಿಷ್ಟು ಹೆಚ್ಚಾಗಿತ್ತು. ಭಾವ ಬಟ್ಟಲು ಹಾಗೇ ತಳ್ಳಿ, "ಇಷ್ಟು ವರ್ಷಾತು, ಇಕಿಗೆ ಇನ್ನೂ ಅಡಗಿ ಬರಂಗಿಲ್ಲ ನೋಡ್ರಿ. ತಲ್ಯಾಗ ಏನದನೋ ಏನೋ" ಎಂದು ಅತಿಥಿಗೆ ಹೇಳಿದರು. ಅಕ್ಕ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಭಾವ ಹಾಗೆ ಮಾತಾಡುವುದು ನನಗೆ ಹೊಸದೇನಲ್ಲ. ಅಕ್ಕನ ಮುಖ ಮಾತ್ರ ಪ್ರತಿಸಲವೂ ಹೊಸದಾಗಿ ಸಣ್ಣದಾಗುತ್ತಿತ್ತು.

ನಾನು ಕೈತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಅಕ್ಕ ಕಣ್ಣೊರೆಸಿಕೊಂಡು, ಮಾತು ಬದಲಿಸಲೆಂದೇ ಇರಬೇಕು, ಹೇಳಿದಳು: "ಆ ನಿಮ್ಮ ಕರೀ ಕಡ್ಡಿ ಪೆಟ್ಟಿಗಿ ನಾನೇ ಇಷ್ಟು ದಿನ ಜೋಪಾನ ಮಾಡಿಟ್ಟೀನಿ ನೋಡು. ಅತ್ತಿ ಕಣ್ಣಿಗೆ ಬಿದ್ರ ಮನ್ಯಾಗ ರಂಪ ಆಗ್ತಿತ್ತು. ಬೀರುದಾಗ ನನ್ನ ರೇಷ್ಮಿ ಸೀರಿ ನಡುವ ಇಟ್ಟಿದ್ದೆ. ಎಲಿ ಅಲ್ಲೇನು, ಹುಳಾ ಬೀಳಬಾರ್ದಂತ ಪೆಟ್ಟಿಗ್ಯಾಗೂ ನಾಕು ಡಾಂಬರ್ ಗುಳಿಗಿ ಹಾಕಿದ್ದೆ. ಈಗ ತಗದೀನಿ."

ತಂಬಾಕಿನ ಎಲೆ ಹತ್ತಿಯ ಹಾಗೆ, ಪಕ್ಕದಲ್ಲಿ ಏನಿದ್ದರೂ ಹೀರಿಕೊಳ್ಳುತ್ತದೆ. ಗೋದಾಮಿನಲ್ಲಿ ನಾವು ಸೋಪು ಹಚ್ಚಿ ಕೈತೊಳೆದವರನ್ನೂ ರಾಶಿಯ ಹತ್ತಿರ ಬಿಡುತ್ತಿರಲಿಲ್ಲ. ವರ್ಷವಿಡೀ ಡಾಂಬರು ಗುಳಿಗೆಯ ಜೊತೆ ಮುಚ್ಚಿಟ್ಟ ಸಿಗಾರ್! ಅಕ್ಕ ನನ್ನ ಮುಖ ನೋಡಿ, "ಯಾಕ, ಚೊಲೋ ಮಾಡ್ದೆ ಇಲ್ಲೋ?" ಎಂದಳು. "ಚೊಲೋ ಮಾಡ್ದಿ" ಎಂದೆ.

ಮಾಳಿಗೆಯ ಮೇಲೆ ಕುರ್ಚಿ ಹಾಕಿದ್ದರು. ಸುತ್ತ ಸಂಡೂರಿನ ಗುಡ್ಡಗಳು ಮಳೆಗೆ ಹಸಿರಾಗಿದ್ದವು. ಭಾವ ಪೆಟ್ಟಿಗೆ ತಂದು ನನ್ನ ಕೈಗಿಟ್ಟರು. ಒಳಗೆ ಸಿಗಾರ್‌ಗಳು ಸಾಲಾಗಿ ಮಲಗಿದ್ದವು. ಅಷ್ಟು ಚೆಂದದ ಹೊರ ಎಲೆಯನ್ನು ನಾನು ನನ್ನ ನೌಕರಿಯಲ್ಲೂ ಕಂಡದ್ದು ಅಪರೂಪ. ಬಣ್ಣ ಹಾಕಿದ ಕಪ್ಪಲ್ಲ ಅದು. ನಿಧಾನವಾಗಿ, ಮತ್ತೆ ಮತ್ತೆ ಕಾವಿಗೆ ಕೂತು ಹಣ್ಣಾದ ಕಪ್ಪು. ಬಿಸಿಲಿಗೆ ಹಿಡಿದರೆ ಒಳಗಿನಿಂದ ಕೆಂಪು ಹೊಳೆಯುತ್ತಿತ್ತು. ಎಣ್ಣೆಯ ಜಿಡ್ಡು ಬೆರಳಿಗೆ ತಾಗಿತು. ಎಲೆಯ ನರಗಳು ನೂಲಿನೆಳೆಯಷ್ಟು ಸಣ್ಣ. ಸುತ್ತಿದವನ ಕೈಗೆ ನಮಸ್ಕಾರ ಮಾಡಬೇಕು ಅನ್ನಿಸಿತು. ಮೂಗಿನ ಹತ್ತಿರ ತಂದೆ. ಡಾಂಬರು ಗುಳಿಗೆಯ ವಾಸನೆ ಅಡರಿತು.

"ಈಗಷ್ಟೇ ಊಟ ಆಗ್ಯದ. ಇನ್ನೊಂದು ದಿನ ನೋಡೋಣೇನ್ರಿ?" ಎಂದೆ.

"ಅದಕ್ಕಂತನ ಬಂದೀನ್ರಿ ಸರ," ಎಂದರು ಅತಿಥಿ. "ಮೊದ್ಲು ನೀವು ಸೇದ್ರಿ. ನೀವು ಹೇಳಿದ ಮ್ಯಾಲೆ ನಾ ಸೇದ್ತೀನಿ."

ತುದಿ ಕತ್ತರಿಸಿ ಹೊತ್ತಿಸಿದೆ. ಮೊದಲ ಹೊಗೆಯಲ್ಲೇ ನಾಲಿಗೆ ಮರಗಟ್ಟಿತು. ಸಾರ್ವಜನಿಕ ಶೌಚಾಲಯದ ಕಟು ವಾಸನೆ ಬಾಯಿತುಂಬ. ಆದರೂ ಅಭ್ಯಾಸಬಲದಿಂದ ಹೊಗೆಯನ್ನು ಬಾಯಲ್ಲಿ ತಡೆದು ಹಿಡಿದೆ. ಆಗ ಆ ಹೊಲಸಿನ ಕೆಳಗೆ, ಬಹಳ ದೂರದಲ್ಲಿ, ನಿಜವಾದ ಎಲೆ ಒಂದು ಸಲ ಮಿಣುಕಿತು. ಹುರಿದ ಕಾಫಿಬೀಜ, ತಳ ಹಿಡಿದ ಬೆಲ್ಲದ ಪಾಕ. ಮತ್ತೆ ಮುಳುಗಿಹೋಯಿತು. ನನಗೆ ಅಳು ಬರುವಂತಾಯಿತು. ಎಲ್ಲಿಯೋ ಯಾರೋ ವರ್ಷಗಟ್ಟಲೆ ಕಾದು ಹದಮಾಡಿದ್ದನ್ನು ನಾವು ಹೀಗೆ ಕೊಂದಿದ್ದೆವು.

"ಹೇಳು, ಹೆಂಗದ?" ಎಂದರು ಭಾವ. ಅಕ್ಕ ಎಲೆ ಅಡಿಕೆಯ ತಟ್ಟೆ ಹಿಡಿದು ಮೆಟ್ಟಿಲ ಬಾಗಿಲಲ್ಲಿ ಬಂದು ನಿಂತಿದ್ದಳು.

ನಿಜ ಹೇಳಿದರೆ ಮುಂದಿನ ಪ್ರಶ್ನೆ, ಎಲ್ಲಿಟ್ಟಿದ್ದಿರಿ ಎಂಬುದು. ಅದರ ಮುಂದಿನದು ನನಗೆ ಗೊತ್ತಿತ್ತು. ಉಪ್ಪಿಗೇ ಅಷ್ಟು ಅಂದವರು ಇದಕ್ಕೆ ಎಷ್ಟು ಅಂದಾರು? ಖೋಟಾ ಮಾಲು ಎಂದರೆ ತಂದುಕೊಟ್ಟವರಿಗೆ ಅವಮಾನ. ನಾನು ಆ ಒಂದು ಕ್ಷಣ ಮಿಣುಕಿದ್ದನ್ನೇ ಹಿಡಿದುಕೊಂಡು ಹೇಳಿದೆ: "ಅದ್ಭುತ ಅದ ರೀ. ಮೊದಲಿಗೆ ಕಾಫಿ, ಆಮ್ಯಾಲೆ ಬೆಲ್ಲದ ಪಾಕ. ಇಂಥಾದ್ದು ನಾ ನೋಡೇ ಇಲ್ಲ."

ಅಕ್ಕನ ಮುಖ ಅರಳಿತು.

ಅತಿಥಿ ಖುಷಿಯಿಂದ ತಾವೂ ಒಂದನ್ನು ಹೊತ್ತಿಸಿಕೊಂಡರು. ಒಂದು ದಮ್ಮು ಎಳೆದು ಕೆಮ್ಮಿ, ಎದ್ದು ಹೋಗಿ ಮಾಳಿಗೆಯ ಅಂಚಿನಲ್ಲಿ ಉಗುಳಿ ಬಂದರು. "ಏನ್ರೀ ಸರ ಇದು! ಬಸ್‌ಸ್ಟ್ಯಾಂಡಿನ ಪಾಯಖಾನಿ ವಾಸನಿ ಹೊಡೀತೈತಿ. ನಿಮಗ ಇದ್ರಾಗ ಬೆಲ್ಲ ಎಲ್ಲಿ ಸಿಕ್ತ್ರಿ?" ಎಂದು ಹೊಟ್ಟೆ ಹಿಡಿದು ನಕ್ಕರು. "ಆ ಅಂಗಡಿಯಾವ ನನಗ ಟೋಪಿ ಹಾಕ್ಯಾನ. ಹಾಕ್ಲಿ ಬಿಡ್ರಿ. ಆದ್ರ ನೀವು..."

ಭಾವ ಒಂದು ಸೇದಿ ನೋಡಿ, ಅವರೂ ಉಗುಳಿ, ನಗಲಾರಂಭಿಸಿದರು. "ಇಷ್ಟು ವರ್ಷ ಕಂಪನಿಯವ್ರು ಇವಗ ಪಗಾರ ಕೊಟ್ಟಾರ ನೋಡ್ರಿ!" ಅಕ್ಕನೂ ನಕ್ಕಳು. ಮಧ್ಯಾಹ್ನದಿಂದ ಆ ಮನೆಯಲ್ಲಿ ಅವಳು ನಕ್ಕದ್ದು ಅದೇ ಮೊದಲು. ನಾನೂ ನಕ್ಕೆ. ಸಿಗಾರನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ಕೂತಿದ್ದೆ.

ಹೋಟೆಲಿನ ಕೋಣೆಗೆ ಗೋವಾದಿಂದ ಯಾರನ್ನೋ ಕರೆಸಿದರಂತೆ. ಆ ಕೆಲಸ ಕೈತಪ್ಪಿದ್ದಕ್ಕೆ ನನಗೆ ಅಷ್ಟು ಸಂಕಟವಾಗಲಿಲ್ಲ. ಬೆಲ್ಲದ ಕಥೆ ನಿಂತಿದ್ದರೆ ಸಾಕಿತ್ತು. ಅದು ನಿಲ್ಲಲಿಲ್ಲ. ಮದುವೆ, ಉಪನಯನ, ಎಲ್ಲಿ ಹೋದರೂ ಭಾವ ಆ ಕಥೆ ಹೇಳುತ್ತಿದ್ದರು. ಭಾವ ಮರೆತಲ್ಲಿ ಅಕ್ಕ ನೆನಪಿಸುತ್ತಿದ್ದಳು. ಕಂಪ್ಲಿಯಲ್ಲಿ ಒಂದು ಶ್ರಾದ್ಧದ ಊಟದಲ್ಲಿ ಪಾಯಸ ಬಡಿಸುವವರು ನನ್ನೆದುರು ನಿಂತು, "ಇದು ಬೆಲ್ಲದ್ದ ಹೌದೋ ಅಲ್ಲೋ, ನೀವ ಹೇಳ್ರಿ" ಎಂದರು. ಪಂಕ್ತಿಯೇ ನಕ್ಕಿತು. ನಾನು ಪಾಯಸ ಮುಟ್ಟಲಿಲ್ಲ.

ಹೋದ ದೀಪಾವಳಿಗೆ ಸಂಡೂರಿಗೆ ಹೋಗಿದ್ದೆ. ಭಾವ ಹೊರಗೆ ಹೋಗಿದ್ದರು. ನಾನು, ಅಕ್ಕ ಇಬ್ಬರೇ ಪಡಸಾಲೆಯಲ್ಲಿ ಕೂತಿದ್ದೆವು. ಟೀವಿಯಲ್ಲಿ ಯಾರೋ ಸಿಗಾರ್ ಸೇದುತ್ತಿದ್ದರು. ಅಕ್ಕ ನನ್ನತ್ತ ತಿರುಗಿ, "ನೋಡು, ಬೆಲ್ಲ!" ಎಂದಳು. ಆಗ ತಡೆಯಲಾಗಲಿಲ್ಲ. ಮೆಲ್ಲಗೆ, ಸಿಟ್ಟಿಲ್ಲದೆ, ಎಲ್ಲವನ್ನೂ ಹೇಳಿದೆ. ಗುಳಿಗೆಯ ವಿಷಯ, ಎಲೆ ವಾಸನೆ ಹೀರುವ ವಿಷಯ, ಭಾವ ಬೈದಾರೆಂದು ನಾನು ಸುಳ್ಳು ಹೇಳಿದ್ದು. ಅವಳು ಟೀವಿಯ ದನಿ ಕಡಿಮೆ ಮಾಡಿ ಪೂರ್ತಿ ಕೇಳಿದಳು. ಒಂದು ಗಳಿಗೆ ಅವಳಿಗೆ ಅರ್ಥವಾಯಿತು ಎಂದೇ ಅಂದುಕೊಂಡೆ.

"ಇಷ್ಟು ದಿನ ಕಳದ ಮ್ಯಾಲೆ ನನ್ನ ಮ್ಯಾಲೆ ಹಾಕ್ತೀಯೇನು?" ಎಂದಳು. "ನಿನ್ನ ಮರ್ಯಾದಿ ಹೋತಂತ ನಾನ ಸಿಕ್ನೇನು ನಿನಗ? ಹೊರಗಿನವ್ರಾದ್ರ ಬ್ಯಾರೆ. ಒಡಹುಟ್ಟಿದಾವ ನೀನೂ ಹಿಂಗ ಅಂದ್ರ?"

"ಅಕ್ಕಾ, ನಾ ಅಂದದ್ದು..."

"ಬ್ಯಾಡ. ಅಪ್ಪನ ಮುಂದ ನಿನ್ನ ಸಲುವಾಗಿ ಜಗಳಾಡಿದ್ದು ನಾನು. ನೆನಪಿರ್ಲಿ."

ನೆನಪಿತ್ತು. ಅದಕ್ಕೇ ಮಾಳಿಗೆಯ ಮೇಲೆ ಸುಳ್ಳು ಹೇಳಿದ್ದು. ಆದರೆ ಆ ಮಾತನ್ನು ಮತ್ತೆ ಅವಳಿಗೆ ಹೇಳುವುದು ಹೇಗೆ? ಅವಳು ಎದ್ದು ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ನಾನು ಸ್ವಲ್ಪ ಹೊತ್ತು ಕಾದು, ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ. ಹೊಸಪೇಟೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಆಮೇಲೆ ಅವಳು ಫೋನು ಮಾಡಿಲ್ಲ. ನಾನೂ ಮಾಡಿಲ್ಲ.