ಅಕ್ಕನ ಎರಡನೇ ಹೋಳಿಗೆ

ನಾನು ಚಿಕ್ಕವಳಿದ್ದಾಗ ನ್ಯಾಲ್ಕಲ್‌ನ ನಮ್ಮ ಮನೆಯಲ್ಲಿ ಅಕ್ಕನ ಕುಬಸ ನಡೆಯಿತು. ಚೊಚ್ಚಲ ಬಸುರಿಗೆ ಹಸಿರು ಬಳೆ ತೊಡಿಸಿ ಉಡಿ ತುಂಬುವ ದಿನ ಅದು. ಬಿಸಿಲಿತ್ತು ಅನ್ನಿಸುತ್ತದೆ. ಆದರೆ ನನ್ನ ನೆನಪಿನಲ್ಲಿ ಎಲ್ಲ ದಿನವೂ ಬಿಸಿಲೇ, ಅದನ್ನು ನಂಬಬೇಡಿ. ಹೂರಣದ ಏಲಕ್ಕಿ ವಾಸನೆ ಮಾತ್ರ ನಿಜ.

ಅಕ್ಕನಿಗೆ ಸದಾ ಹಸಿವು. ಅವಳ ಅತ್ತೆ ಬಂದಾಗಲೆಲ್ಲ, "ನಿಮ್ಮ ಹುಡುಗಿ ನಡಾ ಹಿಡಿಯಷ್ಟದ, ಕೂಸು ಹೆಂಗ್ ಹೊರಗ ಬರ್ತದೋ" ಎನ್ನುತ್ತಿದ್ದರು. ಅವ್ವ ಹೆದರಿದ್ದಳು. ಕಡಿಮೆ ಉಂಡರೆ ಕೂಸು ಸಣ್ಣದಾಗಿ ಹೆರಿಗೆ ಸಲೀಸಾಗುತ್ತದೆಂದು ನಂಬಿ, ಅಕ್ಕನಿಗೆ ಹೊತ್ತಿಗೆ ಒಂದೇ ಜೋಳದ ರೊಟ್ಟಿ ಕೊಡುತ್ತಿದ್ದಳು. ಅಕ್ಕನ ಕೆನ್ನೆ ಒಳಗೆ ಹೋಗಿತ್ತು. ಕುಬಸದ ದಿನವೂ ಒಂದೇ ಹೋಳಿಗೆ ಎಂದು ಅವ್ವ ಮೊದಲೇ ಹೇಳಿಬಿಟ್ಟಿದ್ದಳು.

ಬಳೆಗಾರ್ತಿ ಅಕ್ಕನ ಹೆಬ್ಬೆರಳನ್ನು ಅಂಗೈಯೊಳಗೆ ಮಡಿಚಿ, ಕೈ ಹಿಚುಕಿ ತಿರುಗಿಸುತ್ತ ಬಳೆ ಏರಿಸುತ್ತಿದ್ದಳು. ಊರ ದವಾಖಾನೆಗೆ ಹೊಸದಾಗಿ ಬಂದಿದ್ದ ನರ್ಸಮ್ಮನನ್ನೂ ಕುಬಸಕ್ಕೆ ಕರೆದಿದ್ದರು. ಅವರು ಅದನ್ನೇ ತೋರಿಸಿದರು.

"ಅವ್ವಾ, ಇಲ್ಲಿ ನೋಡ್ರಿ. ನಡದಾಗಿನ ಎಲುಬು ಈ ಹಸಿರು ಬಳಿ ಇದ್ದಂಗ. ಮುಂದ ಒಂದು ಕೀಲ, ಹಿಂದ ಎರಡು. ದಿನಾ ತುಂಬಿದಾಗ ಚೂರು ಸಡ್ಲ ಆಗ್ತಾವ. ಕೂಸಿನ ತಲಿ ಎಲುಬು ಇನ್ನಾ ಕೂಡಿರಲ್ಲ. ಒಂದರ ಮ್ಯಾಲ ಒಂದು ಸರದು, ಈ ಕೈ ತಿರುಗಿದಂಗ ತಲಿ ಹೊಳ್ಳಿ ಹೊರಗ ಬರ್ತದ. ಒಳಗಿನ ಅಗಲ ಹೊರಗಿಂದ ಕಾಣಲ್ಲರಿ. ಉಪವಾಸ ಕೆಡವಿದ್ರ ತಾಯೀನೂ ಸೊರಗ್ತಾಳ, ಕೂಸೂ ಸೊರಗ್ತದ."

ಇಷ್ಟನ್ನೂ ಒಟ್ಟಿಗೆ ಹೇಳಿದರೋ, ನಾನು ಆಮೇಲೆ ಕಲಿತದ್ದನ್ನು ಅವರ ಬಾಯಿಗೆ ಹಾಕಿದ್ದೇನೋ, ಗೊತ್ತಿಲ್ಲ.

ಅತ್ತೆ ಬಿಡಲಿಲ್ಲ. "ಭಾಳ ಹೇಳ್ತಿ. ನಿನಗೆಷ್ಟು ಮಕ್ಕಳು?"

"ಲಗ್ನಾನೇ ಆಗಿಲ್ಲರಿ ಅತ್ತಿ, ನೀವೇ ಒಂದು ವರ ನೋಡ್ರಿ!" ಎಂದರು ನರ್ಸಮ್ಮ.

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಅತ್ತೆಯೂ ಸೆರಗು ಬಾಯಿಗಿಟ್ಟುಕೊಂಡರು.

ಊಟಕ್ಕೆ ಕೂತಾಗ ಅಕ್ಕ ತಟ್ಟೆ ಮುಂದೆ ಸರಿಸಿದಳು. "ಅವ್ವಾ, ಇನ್ನೊಂದು ಹೋಳಿಗಿ."

ಅವ್ವ ಬೀಗತಿಯ ಮುಖ ನೋಡಿದಳು, ನರ್ಸಮ್ಮನ ಮುಖ ನೋಡಿದಳು. ಕೊನೆಗೆ ಅಕ್ಕನ ಕೆನ್ನೆ ನೋಡಿದಳು. ಹೋಳಿಗೆ ಹಾಕಿ ತುಪ್ಪ ಸುರಿದಳು.

ಮುಂದೆ ಜಹೀರಾಬಾದಿನ ದವಾಖಾನೆಯಲ್ಲಿ ಅಕ್ಕ ಹೆತ್ತಳು. ಕೂಸಿನ ತಲೆ ಸೌತೆಕಾಯಿಯಂತೆ ಉದ್ದವಾಗಿದ್ದುದನ್ನು ಕಂಡು ನಾನು ಅತ್ತುಬಿಟ್ಟೆ. ಕೆಲವೇ ದಿನಗಳಲ್ಲಿ ಅದು ತಾನಾಗಿ ದುಂಡಗಾಯಿತು.

ಮೊಮ್ಮಕ್ಕಳೇ, ನೀವು ಶಾಲೆಯಲ್ಲಿ ಅಸ್ಥಿಪಂಜರ ಮುಟ್ಟಿ ನೋಡಿದ್ದೀರಿ. ಈಗ ನಿಮ್ಮಮ್ಮನ ಹೊಟ್ಟೆಯೊಳಗಿರುವ ಕೂಸನ್ನು ಸ್ಕ್ಯಾನಿಂಗ್ ಫೋಟೊದಲ್ಲಿ ಕಂಡಿದ್ದೀರಿ. ಆಗ ನಮಗೆ ಒಳಗಿನದೇನೂ ಕಾಣುತ್ತಿರಲಿಲ್ಲ, ಜೋರಾಗಿ ಹೇಳಿದವರ ಮಾತೇ ನಿಜವಾಗುತ್ತಿತ್ತು. ನಿನ್ನೆ ಪಕ್ಕದ ಮನೆಯಾಕೆ ನಿಮ್ಮಮ್ಮನ ನಡ ನೋಡಿ ಏನೋ ಅಂದಳು. ನಿಮ್ಮಮ್ಮ ಮೊಬೈಲಿನಿಂದ ತಲೆ ಎತ್ತದೆ, ಮತ್ತೊಂದು ಇಡ್ಲಿ ಹಾಕಿಸಿಕೊಂಡಳು.